ಕೋಕಾ-ಕೋಲಾ ಸೃಷ್ಟಿಸಿದ ವ್ಯಕ್ತಿ ಮಾರ್ಫಿನ್ ವ್ಯಸನಿಯಾಗಿದ್ದರು! ಜಾನ್ ಪೆಂಬರ್ಟನ್ ಬದುಕಿನ ನೋವಿನ ಕಥೆ

ಮದುವೆ ಮನೆಯಿಂದ ರೈಲು ನಿಲ್ದಾಣದವರೆಗೆ ಕೋಕಾ-ಕೋಲಾ ಸಿಗದ ಜಾಗವಿಲ್ಲ. ಕುಡಿಯದವರಿಗೂ ಆ ಕೆಂಪು ಬಿಳುಪಿನ ಹೆಸರು ಗೊತ್ತು. ಆದರೆ ಈ ಪಾನೀಯವನ್ನು ಮೊದಲು ಬೆರೆಸಿದವರು ಯಾರು, ಯಾಕೆ ಬೆರೆಸಿದರು ಎಂದು ಕೇಳಿದರೆ ಬಹಳಷ್ಟು ಮಂದಿಯ ಬಳಿ ಉತ್ತರವಿಲ್ಲ.

ಅವರ ಹೆಸರು ಜಾನ್ ಸ್ಟಿತ್ ಪೆಂಬರ್ಟನ್. ಅಮೆರಿಕದ ಜಾರ್ಜಿಯಾ ರಾಜ್ಯದ ಔಷಧ ತಯಾರಕರು. ಯುದ್ಧದಲ್ಲಿ ಆದ ಗಾಯದ ನೋವಿಗೆ ಮಾರ್ಫಿನ್ ತೆಗೆದುಕೊಂಡರು, ಅದರ ಹಿಡಿತಕ್ಕೆ ಸಿಕ್ಕರು. ಅದರಿಂದ ಹೊರಬರುವ ದಾರಿ ಹುಡುಕುತ್ತಾ ಬೇರೊಂದು ಗಿಡದ ಎಲೆಯ ಬೆನ್ನು ಹತ್ತಿದರು. ಆ ಹುಡುಕಾಟದ ಹಾದಿಯಲ್ಲೇ ಕೋಕಾ-ಕೋಲಾ ಹುಟ್ಟಿತು. ಪಾನೀಯ ಜಗತ್ತನ್ನು ಗೆದ್ದಿತು, ಪೆಂಬರ್ಟನ್ ಮಾತ್ರ ಗೆಲ್ಲಲಿಲ್ಲ.

ನೋವಿನ ಮಾತ್ರೆಗಳ ಚಟ ಇಂದು ಅಮೆರಿಕದಿಂದ ಪಂಜಾಬ್‌ವರೆಗೆ ಮನೆಗಳನ್ನು ಹಾಳು ಮಾಡುತ್ತಿರುವಾಗ, ಸುಮಾರು ಒಂದೂವರೆ ಶತಮಾನದ ಹಿಂದಿನ ಈ ಬದುಕನ್ನು ಒಮ್ಮೆ ತಿಳಿದುಕೊಳ್ಳುವುದು ಒಳ್ಳೆಯದು.

19ನೇ ವಯಸ್ಸಿಗೇ ವೈದ್ಯ ಪರವಾನಗಿ

ಪೆಂಬರ್ಟನ್ ಹುಟ್ಟಿದ್ದು 1831ರಲ್ಲಿ, ಜಾರ್ಜಿಯಾದ ನಾಕ್ಸ್‌ವಿಲ್ ಎಂಬ ಸಣ್ಣ ಊರಿನಲ್ಲಿ. ಬಾಲ್ಯ ಕಳೆದದ್ದು ಅದೇ ರಾಜ್ಯದ ರೋಮ್ ಎಂಬ ಪಟ್ಟಣದಲ್ಲಿ. ಮೇಕನ್ ನಗರದ ವೈದ್ಯ ಕಾಲೇಜೊಂದರಲ್ಲಿ ಓದಿದರು. ಗಿಡಮೂಲಿಕೆಗಳಿಂದ ಚಿಕಿತ್ಸೆ ನೀಡುವ ಪದ್ಧತಿಯನ್ನು ಅಲ್ಲಿ ಕಲಿಸುತ್ತಿದ್ದರು. 1850ರಲ್ಲಿ, ಕೇವಲ 19ನೇ ವಯಸ್ಸಿಗೆ, ವೈದ್ಯ ವೃತ್ತಿಯ ಪರವಾನಗಿ ಕೈಗೆ ಬಂತು.

ಆದರೆ ರೋಗಿಗಳನ್ನು ನೋಡುವುದಕ್ಕಿಂತ ಔಷಧ ತಯಾರಿಸುವುದರಲ್ಲೇ ಅವರಿಗೆ ಹೆಚ್ಚು ಆಸಕ್ತಿ. ಬೇರು, ತೊಗಟೆ, ಎಲೆಗಳ ಸಾರ ತೆಗೆದು ಹೊಸ ಹೊಸ ಮಿಶ್ರಣ ಮಾಡುವುದರಲ್ಲಿ ಅವರದ್ದು ಪಳಗಿದ ಕೈ. 1853ರಲ್ಲಿ ಆನ್ ಎಲೈಜಾ ಕ್ಲಿಫರ್ಡ್ ಲೂಯಿಸ್ ಜೊತೆ ಮದುವೆಯಾಯಿತು. ಮರುವರ್ಷ ಮಗ ಚಾರ್ಲ್ಸ್ ಹುಟ್ಟಿದ. ದಂಪತಿಗೆ ಇದ್ದದ್ದು ಇವನೊಬ್ಬನೇ. ಎಲ್ಲರ ಬಾಯಲ್ಲಿ ಅವನು ಚಾರ್ಲಿ. ಕೊಲಂಬಸ್ ಎಂಬ ಊರಿನಲ್ಲಿ ಔಷಧ ವ್ಯಾಪಾರ ಚೆನ್ನಾಗಿಯೇ ನಡೆಯುತ್ತಿತ್ತು.

ಅಷ್ಟರಲ್ಲಿ 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಯಿತು. ಪೆಂಬರ್ಟನ್ ದಕ್ಷಿಣದ ರಾಜ್ಯಗಳ ಪರ ಸೇನೆ ಸೇರಿದರು.

ಮುಗಿದ ಯುದ್ಧದಲ್ಲಿ ಬಿದ್ದ ಏಟು

1865ರ ಏಪ್ರಿಲ್ 9ರಂದು ದಕ್ಷಿಣದ ಸೇನಾನಿ ರಾಬರ್ಟ್ ಲೀ ಶರಣಾಗಿದ್ದರು. ಯುದ್ಧದ ಹಣೆಬರಹ ಅಲ್ಲಿಗೆ ನಿರ್ಧಾರವಾಗಿತ್ತು. ಆದರೂ ಒಂದು ವಾರದ ನಂತರ, ಏಪ್ರಿಲ್ 16ರ ಈಸ್ಟರ್ ಭಾನುವಾರದ ರಾತ್ರಿ ಕೊಲಂಬಸ್ ಊರಿನ ನದಿ ಸೇತುವೆಗಳ ಬಳಿ ಮತ್ತೊಂದು ಕಾಳಗ ನಡೆಯಿತು. ಉತ್ತರದ ಅಶ್ವದಳ ಊರಿನ ಮೇಲೆ ಬಿದ್ದಾಗ, ತಮ್ಮೂರನ್ನು ಕಾಯಲು ನಿಂತಿದ್ದವರಲ್ಲಿ ಪೆಂಬರ್ಟನ್ ಕೂಡ ಒಬ್ಬರು. ಆ ಗಲಭೆಯಲ್ಲಿ ಕತ್ತಿಯ ಏಟೊಂದು ಅವರ ಎದೆಯನ್ನು ಸೀಳಿತು.

ಜೀವ ಉಳಿಯಿತು. ನೋವು ಮಾತ್ರ ಹೋಗಲಿಲ್ಲ. ಆಗ ಲಭ್ಯವಿದ್ದ ಅತ್ಯಂತ ಶಕ್ತಿಶಾಲಿ ನೋವು ನಿವಾರಕವೆಂದರೆ ಮಾರ್ಫಿನ್.

ಅಫೀಮಿನಿಂದ ಮಾರ್ಫಿನ್ ಅನ್ನು ಬೇರ್ಪಡಿಸಿದ್ದು ಜರ್ಮನಿಯ ಯುವ ಔಷಧ ತಯಾರಕ ಫ್ರೀಡ್ರಿಶ್ ಸೆರ್ಟ್ಯೂರ್ನರ್, 19ನೇ ಶತಮಾನದ ಆರಂಭದಲ್ಲಿ. ಗ್ರೀಕರ ಕನಸಿನ ದೇವತೆ ಮಾರ್ಫಿಯಸ್ ಹೆಸರನ್ನೇ ಅದಕ್ಕೆ ಇಟ್ಟರು. 1850ರ ದಶಕದಲ್ಲಿ ಚರ್ಮದಡಿ ಚುಚ್ಚುವ ಸಿರಿಂಜ್ ಬಂದ ಮೇಲೆ ಮದ್ದು ನೇರವಾಗಿ ದೇಹಕ್ಕೆ ಇಳಿಯತೊಡಗಿತು. ಅಂತರ್ಯುದ್ಧದ ಆಸ್ಪತ್ರೆಗಳಲ್ಲಿ ಅಫೀಮು ಮತ್ತು ಮಾರ್ಫಿನ್ ಇಲ್ಲದೆ ಒಂದು ದಿನವೂ ಸಾಗುತ್ತಿರಲಿಲ್ಲ. ಕೈಕಾಲು ಕತ್ತರಿಸಿಕೊಂಡ ಸೈನಿಕರಿಗೆ ಅದು ದೇವರು ಕೊಟ್ಟ ವರದಂತಿತ್ತು. ಆದರೆ ಯುದ್ಧ ಮುಗಿದು ಮನೆಗೆ ಮರಳಿದವರಲ್ಲಿ ಅನೇಕರು ಮದ್ದನ್ನು ಬಿಡಲಾಗದೆ ಒದ್ದಾಡಿದರು.

ಪೆಂಬರ್ಟನ್ ಅವರಿಗಂತೂ ಮದ್ದು ಕೈಗೆಟಕುವ ದೂರದಲ್ಲೇ ಇತ್ತು. ಅವರದ್ದೇ ಅಂಗಡಿ, ಅವರದ್ದೇ ಕಪಾಟು. ಚೀಟಿ ಕೇಳುವವರಿಲ್ಲ, ಲೆಕ್ಕ ಕೇಳುವವರಿಲ್ಲ. ಆ ಕಾಲದಲ್ಲಿ ಅಮೆರಿಕದಲ್ಲಿ ಅಫೀಮು ಬೆರೆತ ಔಷಧಗಳನ್ನು ಯಾರು ಬೇಕಾದರೂ ಕೊಳ್ಳಬಹುದಿತ್ತು.

ಮಾರ್ಫಿನ್ ದೇಹದಲ್ಲಿ ಮಾಡುವುದೇನು?

ಪೆಂಬರ್ಟನ್ ಕಾಲದ ವೈದ್ಯರಿಗೆ ಇದು ಗೊತ್ತಿರಲಿಲ್ಲ. ಇಂದು ನಮಗೆ ಗೊತ್ತು. ನಮ್ಮ ಮೆದುಳು, ಬೆನ್ನುಹುರಿ ಮತ್ತು ಕರುಳಿನಲ್ಲಿ ಕೆಲವು ಗ್ರಾಹಕಗಳಿವೆ. ದೇಹ ತಾನೇ ತಯಾರಿಸುವ ಎಂಡಾರ್ಫಿನ್‌ನಂಥ ನೋವು ಶಮನಕಾರಿಗಳು ಬಂದು ಕೂರುವ ಜಾಗಗಳಿವು. ಮಾರ್ಫಿನ್, ಕೊಡೈನ್, ಟ್ರಮಡಾಲ್, ಆಕ್ಸಿಕೊಡೋನ್, ಫೆಂಟನಿಲ್ ಎಲ್ಲವೂ ಇದೇ ಜಾಗಗಳನ್ನು ಹಿಡಿಯುತ್ತವೆ. ಇವುಗಳಿಗೆ ಒಟ್ಟಾಗಿ ಓಪಿಯಾಯ್ಡ್‌ಗಳು ಎನ್ನುತ್ತಾರೆ. ನೋವಿನ ಸಂದೇಶ ಮಂಕಾಗುತ್ತದೆ, ಮನಸ್ಸಿಗೆ ಹಿತವಾದ ನೆಮ್ಮದಿ ಬರುತ್ತದೆ.

ಆದರೆ ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ವಾಕರಿಕೆ, ತೂಕಡಿಕೆ, ತುರಿಕೆ ಸಾಮಾನ್ಯ. ಕರುಳಿನ ಚಲನೆ ನಿಧಾನವಾಗಿ ಮಲಬದ್ಧತೆ ಕಾಡುತ್ತದೆ. ಬೇರೆ ತೊಂದರೆಗಳಿಗೆ ದೇಹ ಹೊಂದಿಕೊಂಡರೂ ಇದಕ್ಕೆ ಸುಲಭವಾಗಿ ಹೊಂದಿಕೊಳ್ಳುವುದಿಲ್ಲ. ಡೋಸ್ ಹೆಚ್ಚಾದರೆ ಉಸಿರಾಟವೇ ನಿಧಾನವಾಗುತ್ತಾ ಹೋಗಿ ನಿಂತುಬಿಡಬಹುದು. ಮದ್ಯ ಅಥವಾ ನಿದ್ದೆ ಮಾತ್ರೆ ಜೊತೆ ಸೇರಿದರೆ ಈ ಅಪಾಯ ಇನ್ನೂ ಹೆಚ್ಚು.

ದಿನ ಕಳೆದಂತೆ ಅದೇ ಪ್ರಮಾಣ ಸಾಲದಾಗುತ್ತದೆ. ನಿನ್ನೆ ಒಂದು ಮಾತ್ರೆಗೆ ತಗ್ಗಿದ ನೋವು ಇಂದು ಎರಡು ಕೇಳುತ್ತದೆ. ಹಠಾತ್ತನೆ ನಿಲ್ಲಿಸಿದರೆ ಬೆವರು, ನಡುಕ, ಭೇದಿ, ಮೈಕೈ ನೋವು, ನಿದ್ದೆಯಿಲ್ಲದ ರಾತ್ರಿಗಳು. ಆ ಯಾತನೆ ತಪ್ಪಿಸಿಕೊಳ್ಳಲೆಂದೇ ಮನುಷ್ಯ ಮತ್ತೆ ಮದ್ದಿನ ಕಡೆ ಕೈ ಚಾಚುತ್ತಾನೆ. ಹೊರಗಿನವರ ಕಣ್ಣಿಗೆ ಇದು ಮನೋಬಲ ಇಲ್ಲದವನ ಚಟ. ಒಳಗೆ ನಡೆಯುತ್ತಿರುವುದು ಮೆದುಳಿನ ಕಾಯಿಲೆ.

ಕೋಕಾ ಎಲೆಯ ಮೇಲೆ ಬಿದ್ದ ಕಣ್ಣು

ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಪೆಂಬರ್ಟನ್ ಅಟ್ಲಾಂಟಾ ನಗರಕ್ಕೆ ಬಂದರು. ಯುದ್ಧದಲ್ಲಿ ಸುಟ್ಟು ಹೋಗಿದ್ದ ಆ ಊರು ಆಗ ಹೊಸದಾಗಿ ಏಳುತ್ತಿತ್ತು. ಕೆಮ್ಮಿನ ಪಾಕ, ಪಿತ್ತದ ಮಾತ್ರೆ, ಕೂದಲ ಬಣ್ಣ, ಹೀಗೆ ಹಲವು ಉತ್ಪನ್ನಗಳನ್ನು ಮಾರುಕಟ್ಟೆಗೆ ಬಿಟ್ಟರು. ಕೆಲವು ಚೆನ್ನಾಗಿ ಮಾರಿದವು, ಕೆಲವು ಮುಳುಗಿದವು. ಒಮ್ಮೆ ದಿವಾಳಿಯೂ ಆದರು. ಆದರೂ ಊರಿನಲ್ಲಿ ಅವರನ್ನು ಡಾಕ್ಟರ್ ಎಂದೇ ಗೌರವದಿಂದ ಕಾಣುತ್ತಿದ್ದರು. ಮಾರ್ಫಿನ್ ವಿಷಯ ಹತ್ತಿರದವರಿಗೆ ಮಾತ್ರ ಗೊತ್ತಿತ್ತು. ಅವರ ಜೊತೆ ವ್ಯಾಪಾರ ಮಾಡಿದವರು ಅದನ್ನು ಬಾಯಿಬಿಟ್ಟು ಹೇಳಿದ್ದು ಅವರು ಸತ್ತ ಎಷ್ಟೋ ವರ್ಷಗಳ ನಂತರ.

1880ರ ದಶಕದ ಆರಂಭದಲ್ಲಿ ಅಮೆರಿಕದ ವೈದ್ಯ ಪತ್ರಿಕೆಗಳಲ್ಲಿ ಒಂದು ಹೊಸ ಸುದ್ದಿ ಓಡಾಡುತ್ತಿತ್ತು. ದಕ್ಷಿಣ ಅಮೆರಿಕದ ಕೋಕಾ ಗಿಡದ ಎಲೆಯಿಂದ ಅಫೀಮು ಮತ್ತು ಮಾರ್ಫಿನ್ ಚಟ ಬಿಡಿಸಬಹುದು ಎಂಬ ವಾದವದು. ಪೆಂಬರ್ಟನ್ ಅದನ್ನು ನಂಬಿದರು.

ನಂಬಿದ್ದು ಅವರೊಬ್ಬರೇ ಅಲ್ಲ. ದೂರದ ವಿಯೆನ್ನಾದಲ್ಲಿ ಸಿಗ್ಮಂಡ್ ಫ್ರಾಯ್ಡ್ ಎಂಬ ಯುವ ವೈದ್ಯರೂ 1884ರಲ್ಲಿ ಕೊಕೇನ್ ಗುಣಗಾನ ಮಾಡಿ ಲೇಖನ ಬರೆದರು. ಮಾರ್ಫಿನ್ ವ್ಯಸನಿಯಾಗಿದ್ದ ತಮ್ಮ ಗೆಳೆಯ, ವಿಜ್ಞಾನಿ ಅರ್ನ್ಸ್ಟ್ ಫಾನ್ ಫ್ಲೈಶ್ಲ್-ಮಾರ್ಕ್ಸೊಗೆ ಕೊಕೇನ್ ಕೊಡಿಸಿದರು. ಫಲಿತಾಂಶ ಘೋರವಾಗಿತ್ತು. ಗೆಳೆಯನಿಗೆ ಮಾರ್ಫಿನ್ ಬಿಡಲಿಲ್ಲ, ಮೇಲಿಂದ ಕೊಕೇನ್ ಚಟವೂ ಅಂಟಿಕೊಂಡಿತು. 1891ರಲ್ಲಿ ಆತ ತೀರಿಕೊಂಡರು.

ಯಾಕೆ ಹೀಗಾಯಿತು? ಕೊಕೇನ್ ಕೆಲಸ ಮಾಡುವ ರೀತಿಯೇ ಬೇರೆ. ಅದು ಮೆದುಳಿಗೆ ಉತ್ತೇಜನ ಕೊಡುತ್ತದೆ, ದಣಿವು ಮರೆಸುತ್ತದೆ. ಆದರೆ ಮಾರ್ಫಿನ್ ಖಾಲಿ ಬಿಟ್ಟುಹೋದ ಜಾಗವನ್ನು ಅದು ತುಂಬುವುದಿಲ್ಲ. ಅಂದರೆ ಹಳೆಯ ಸಾಲ ತೀರಲಿಲ್ಲ, ಹೊಸ ಸಾಲ ಹೆಗಲೇರಿತು.

ವೈನ್‌ನಿಂದ ಸೋಡಾದವರೆಗೆ

ಆ ವೇಳೆಗೆ ಯುರೋಪಿನಲ್ಲಿ ಆಂಜೆಲೊ ಮರಿಯಾನಿ ಎಂಬಾತ ಕೋಕಾ ಎಲೆ ನೆನೆಸಿದ ವೈನ್ ಮಾರಿ ಹೆಸರು, ಹಣ ಎರಡನ್ನೂ ಗಳಿಸಿದ್ದರು. ಅದೇ ಮಾದರಿಯಲ್ಲಿ 1885ರಲ್ಲಿ ಪೆಂಬರ್ಟನ್ ತಮ್ಮದೇ ಫ್ರೆಂಚ್ ವೈನ್ ಕೋಕಾ ತಂದರು. ವೈನ್, ಕೋಕಾ ಎಲೆಯ ಸಾರ, ಜೊತೆಗೆ ಕೆಫೀನ್ ಇರುವ ಆಫ್ರಿಕಾದ ಕೋಲಾ ಬೀಜ. ನರಗಳ ದೌರ್ಬಲ್ಯ, ತಲೆನೋವು, ಅಜೀರ್ಣದಿಂದ ಹಿಡಿದು ಮಾರ್ಫಿನ್ ಚಟದವರೆಗೆ ಎಲ್ಲಕ್ಕೂ ಮದ್ದು ಎಂಬ ಜಾಹೀರಾತು.

ಇದರಲ್ಲಿ ವ್ಯಾಪಾರದ ಲೆಕ್ಕಾಚಾರ ಇರಲಿಲ್ಲ ಎನ್ನಲಾಗದು. ಆದರೆ ಆ ಬಾಟಲಿಯ ಮೊದಲ ರೋಗಿ ಸ್ವತಃ ಅವರೇ ಆಗಿದ್ದರು. ಮದ್ಯ ಮತ್ತು ಕೊಕೇನ್ ಒಟ್ಟಿಗೆ ಸೇರಿದರೆ ಯಕೃತ್ತಿನಲ್ಲಿ ಹೃದಯಕ್ಕೆ ಹಾನಿ ಮಾಡುವ ಮತ್ತೊಂದು ರಾಸಾಯನಿಕ ಹುಟ್ಟುತ್ತದೆ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ.

ವೈನ್ ಕೋಕಾ ಚೆನ್ನಾಗಿ ಮಾರಾಟವಾಗುತ್ತಿರುವಾಗಲೇ ಅಟ್ಲಾಂಟಾದ ಜನ ಪಾನನಿಷೇಧದ ಪರ ಮತ ಹಾಕಿದರು. 1886ರ ಮಧ್ಯದಿಂದ ನಿಷೇಧ ಜಾರಿ ಎಂದಾಯಿತು. ಪೆಂಬರ್ಟನ್ ಮತ್ತೆ ಪ್ರಯೋಗಕ್ಕೆ ಕೂತರು. ವೈನ್ ತೆಗೆದರು, ಕಹಿ ಮರೆಸಲು ಸಕ್ಕರೆ ಸುರಿದರು, ಹಣ್ಣಿನ ಎಣ್ಣೆಗಳ ಪರಿಮಳ ಸೇರಿಸಿದರು. ಸಿದ್ಧವಾದ ಪಾಕವನ್ನು ಸೋಡಾ ನೀರಿನಲ್ಲಿ ಬೆರೆಸಿ ಕೊಡುವುದೆಂದಾಯಿತು. ಲೆಕ್ಕಪತ್ರ ನೋಡುತ್ತಿದ್ದ ಪಾಲುದಾರ ಫ್ರಾಂಕ್ ರಾಬಿನ್ಸನ್ ಅದಕ್ಕೆ ಕೋಕಾ-ಕೋಲಾ ಎಂದು ಹೆಸರಿಟ್ಟರು. ಇಂದಿಗೂ ನಾವು ನೋಡುವ ಆ ಬಳುಕುವ ಅಕ್ಷರಗಳೂ ಅವರ ಕೈಬರಹದಿಂದಲೇ ಬಂದವು.

1886ರ ಮೇ 8ರಂದು ಅಟ್ಲಾಂಟಾದ ಜೇಕಬ್ಸ್ ಫಾರ್ಮಸಿಯಲ್ಲಿ ಮೊದಲ ಲೋಟ ಮಾರಾಟವಾಯಿತು. ಬೆಲೆ 5 ಸೆಂಟ್. ಅದನ್ನು ಮಾರಿದ್ದು ಮೆದುಳಿಗೆ ಚೈತನ್ಯ ಕೊಡುವ ಟಾನಿಕ್ ಎಂದು. ಮೊದಲ ವರ್ಷದ ಸರಾಸರಿ ಮಾರಾಟ ದಿನಕ್ಕೆ ಕೇವಲ 9 ಲೋಟ!

ಬಿಡಿಗಾಸಿಗೆ ಹೋದ ಹಕ್ಕು

ಅಷ್ಟರಲ್ಲಿ ಪೆಂಬರ್ಟನ್ ಆರೋಗ್ಯ ಕೆಟ್ಟಿತ್ತು. ಹೊಟ್ಟೆಯ ಕಾಯಿಲೆ ಹಾಸಿಗೆ ಹಿಡಿಸಿತ್ತು. ಮಾರ್ಫಿನ್‌ಗೆ ಹಣ ಬೇಕಿತ್ತು, ಮನೆಗೂ ಹಣ ಬೇಕಿತ್ತು. 1887ರ ಬೇಸಿಗೆಯಲ್ಲಿ ಕೋಕಾ-ಕೋಲಾ ಹಕ್ಕಿನ ಮೂರನೇ ಎರಡು ಭಾಗವನ್ನು ಇಬ್ಬರಿಗೆ ಮಾರಿಬಿಟ್ಟರು. ಉಳಿದದ್ದನ್ನು ಮಗ ಚಾರ್ಲಿಗಾಗಿ ಉಳಿಸುವ ಆಸೆ ಅವರಿಗಿತ್ತು. ಈ ಪಾನೀಯ ಒಂದು ದಿನ ದೇಶವಿಡೀ ಹರಡುತ್ತದೆ ಎಂದು ಅವರು ನಂಬಿದ್ದರು. ಆದರೆ ಕೊನೆಗೆ ಅದೂ ಕೈಬಿಟ್ಟಿತು.

ಕೈಯಿಂದ ಕೈಗೆ ದಾಟಿದ ಹಕ್ಕುಗಳು ಅಂತಿಮವಾಗಿ ಅಟ್ಲಾಂಟಾದ ಮತ್ತೊಬ್ಬ ಔಷಧ ವ್ಯಾಪಾರಿ ಆಸಾ ಕ್ಯಾಂಡ್ಲರ್ ಪಾಲಾದವು. 1891ರ ಹೊತ್ತಿಗೆ ಎಲ್ಲ ಹಕ್ಕುಗಳಿಗೆ ಅವರು ಕೊಟ್ಟ ಒಟ್ಟು ಹಣ ಸುಮಾರು 2,300 ಡಾಲರ್. 1919ರಲ್ಲಿ ಅದೇ ಕಂಪನಿ ಮಾರಾಟವಾದದ್ದು 2.5 ಕೋಟಿ ಡಾಲರ್‌ಗೆ. ಕೊಕೇನ್ ಅಂಶವನ್ನು 20ನೇ ಶತಮಾನದ ಆರಂಭದಲ್ಲೇ ಪಾನೀಯದಿಂದ ತೆಗೆಯಲಾಗಿತ್ತು.

ಇದ್ಯಾವುದನ್ನೂ ನೋಡಲು ಪೆಂಬರ್ಟನ್ ಇರಲಿಲ್ಲ. 1888ರ ಆಗಸ್ಟ್ 16ರಂದು, 57ನೇ ವಯಸ್ಸಿನಲ್ಲಿ, ಹೊಟ್ಟೆಯ ಕ್ಯಾನ್ಸರ್‌ನಿಂದ ಅವರು ಕೊನೆಯುಸಿರೆಳೆದರು. ಮಾರ್ಫಿನ್ ಕೊನೆಯವರೆಗೂ ಜೊತೆಗಿತ್ತು. ಹಳೆಯ ಊರು ಕೊಲಂಬಸ್‌ನಲ್ಲಿ ಮಣ್ಣು ಮಾಡಿದರು.

ದುರಂತ ಅಲ್ಲಿಗೂ ಮುಗಿಯಲಿಲ್ಲ. ಚಾರ್ಲಿಯೂ ಅಫೀಮಿನ ದಾಸನಾಗಿದ್ದ. ಅಪ್ಪ ಸತ್ತ ಆರೇ ವರ್ಷಕ್ಕೆ, 1894ರಲ್ಲಿ, ಸುಮಾರು 40ನೇ ವಯಸ್ಸಿಗೆ ಅವನೂ ಅದಕ್ಕೇ ಬಲಿಯಾದ. ಗಂಡ ಮತ್ತು ಒಬ್ಬನೇ ಮಗನನ್ನು ಕಳೆದುಕೊಂಡ ಆನ್ ಎಲೈಜಾ ಬಡತನದಲ್ಲೇ ದಿನ ದೂಡಿದರು.

ಹೆಸರು ಬದಲಾಯಿತು, ತಪ್ಪು ಅದೇ

ಒಂದು ಚಟಕ್ಕೆ ಮತ್ತೊಂದನ್ನು ಮದ್ದೆಂದು ಕೊಡುವ ತಪ್ಪು ಪೆಂಬರ್ಟನ್ ಜೊತೆ ಸಾಯಲಿಲ್ಲ. 1898ರಲ್ಲಿ ಜರ್ಮನಿಯ ಬೇಯರ್ ಕಂಪನಿ ಕೆಮ್ಮಿಗೆಂದು ಹೊಸ ಔಷಧವೊಂದನ್ನು ಮಾರುಕಟ್ಟೆಗೆ ತಂದಿತು. ಮಾರ್ಫಿನ್‌ನಂತೆ ಚಟ ಹಿಡಿಸುವುದಿಲ್ಲ ಎಂದೇ ಅದನ್ನು ನಂಬಲಾಗಿತ್ತು. ಅದರ ಹೆಸರು ಹೆರಾಯಿನ್!

ಮತ್ತೆ ಸುಮಾರು ನೂರು ವರ್ಷದ ನಂತರ, 1996ರಲ್ಲಿ, ಅಮೆರಿಕದ ಪರ್ಡ್ಯೂ ಫಾರ್ಮಾ ಕಂಪನಿ ಆಕ್ಸಿಕಾಂಟಿನ್ ಮಾತ್ರೆಯನ್ನು ತಂದಿತು. ಚಟದ ಅಪಾಯ ಕಡಿಮೆ ಎಂದು ವೈದ್ಯರನ್ನು ನಂಬಿಸಲಾಯಿತು. 2007ರಲ್ಲಿ ಕಂಪನಿ ಈ ತಪ್ಪು ಪ್ರಚಾರವನ್ನು ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. ಅಷ್ಟರಲ್ಲಿ ಲಕ್ಷಾಂತರ ಜನ ಬಲೆಗೆ ಬಿದ್ದಾಗಿತ್ತು. 2021ರಲ್ಲಿ ಅಮೆರಿಕದಲ್ಲಿ ಮಾದಕ ವಸ್ತುಗಳ ಅತಿ ಸೇವನೆಯಿಂದ ಸತ್ತವರು 1 ಲಕ್ಷಕ್ಕೂ ಹೆಚ್ಚು. ಅದರಲ್ಲಿ ಬಹುಪಾಲು ಸಾವಿಗೆ ಓಪಿಯಾಯ್ಡ್‌ಗಳೇ ಕಾರಣ.

ಪೆಂಬರ್ಟನ್‌ಗೆ ಸಿಗದ ಚಿಕಿತ್ಸೆ ಇಂದು ಇದೆ

1960ರ ದಶಕದಲ್ಲಿ ನ್ಯೂಯಾರ್ಕ್‌ನ ವೈದ್ಯರಾದ ವಿನ್ಸೆಂಟ್ ಡೋಲ್ ಮತ್ತು ಮೇರಿ ನೈಸ್ವಾಂಡರ್ ಈ ಕಥೆಗೆ ಹೊಸ ತಿರುವು ಕೊಟ್ಟರು. ಹೆರಾಯಿನ್ ವ್ಯಸನಿಗಳಿಗೆ ಅವರು ಮೆಥಡೋನ್ ಎಂಬ ಔಷಧವನ್ನು ದಿನವೂ ನಿಗದಿತ ಪ್ರಮಾಣದಲ್ಲಿ, ತಮ್ಮ ಕಣ್ಣೆದುರೇ ಕೊಟ್ಟರು. ಅದು ಮಾರ್ಫಿನ್ ಕೂರುವ ಜಾಗದಲ್ಲೇ ಕೂರುತ್ತದೆ, ದೀರ್ಘಕಾಲ ಕೆಲಸ ಮಾಡುತ್ತದೆ, ಸರಿಯಾದ ಪ್ರಮಾಣದಲ್ಲಿ ನಶೆ ಏರಿಸದೆ ಯಾತನೆಯನ್ನು ತಡೆಯುತ್ತದೆ. ಬೀದಿಯಲ್ಲಿ ಅಲೆಯುತ್ತಿದ್ದವರು ಕೆಲಸಕ್ಕೆ, ಮನೆಗೆ ಮರಳತೊಡಗಿದರು.

ನಂತರ ಬಂದ ಬುಪ್ರೆನಾರ್ಫಿನ್ ಇನ್ನಷ್ಟು ಸುರಕ್ಷಿತ. ಒಂದು ಮಿತಿಯ ನಂತರ ಡೋಸ್ ಹೆಚ್ಚಿಸಿದರೂ ಉಸಿರಾಟದ ಮೇಲಿನ ಪರಿಣಾಮ ಅಷ್ಟಾಗಿ ಹೆಚ್ಚುವುದಿಲ್ಲ. ಅತಿಯಾದ ಡೋಸ್‌ನಿಂದ ಉಸಿರು ನಿಲ್ಲುವ ಸ್ಥಿತಿ ಬಂದರೆ ನಲೋಕ್ಸೋನ್ ಜೀವ ಉಳಿಸಬಲ್ಲದು. ಇವುಗಳ ಜೊತೆ ಆಪ್ತ ಸಮಾಲೋಚನೆ, ಮನೆಯವರ ಬೆಂಬಲ ಸೇರಿದರೆ ಚೇತರಿಕೆ ಸಾಧ್ಯ.

ಇದೂ ಒಂದು ಚಟದ ಬದಲು ಇನ್ನೊಂದಲ್ಲವೇ ಎಂದು ನೀವು ಕೇಳಬಹುದು. ಅಲ್ಲ. ಪೆಂಬರ್ಟನ್ ತಾವೇ ಬೆರೆಸಿ, ತಾವೇ ಅಳೆದು, ಗುಟ್ಟಾಗಿ ಕುಡಿದರು. ಇಲ್ಲಿ ಔಷಧವನ್ನು ಆರಿಸುವುದು, ಅಳೆಯುವುದು, ಗಮನಿಸುವುದು ತರಬೇತಿ ಪಡೆದ ವೈದ್ಯರು. ಸಕ್ಕರೆ ಕಾಯಿಲೆಗೆ ದಿನವೂ ಇನ್ಸುಲಿನ್ ತೆಗೆದುಕೊಳ್ಳುವವರನ್ನು ನಾವು ವ್ಯಸನಿ ಎನ್ನುವುದಿಲ್ಲವಲ್ಲ.

ನಮ್ಮಲ್ಲಿ ಪರಿಸ್ಥಿತಿ ಹೇಗಿದೆ?

ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 2.26 ಕೋಟಿ ಜನ ಯಾವುದಾದರೂ ರೂಪದಲ್ಲಿ ಓಪಿಯಾಯ್ಡ್ ಬಳಸುತ್ತಾರೆ. ಅವರಲ್ಲಿ ಸುಮಾರು 77 ಲಕ್ಷ ಮಂದಿಗೆ ನೆರವು ಬೇಕಾಗಿದೆ. ನೋವಿನ ಮಾತ್ರೆ ಟ್ರಮಡಾಲ್ ದುರ್ಬಳಕೆ ಹೆಚ್ಚಿದ್ದರಿಂದ 2018ರಲ್ಲಿ ಅದನ್ನು ಮಾದಕ ವಸ್ತು ನಿಯಂತ್ರಣ ಕಾಯ್ದೆಯಡಿ ತರಲಾಯಿತು.

ಹಾಗೆಂದು ಈ ಔಷಧಗಳೇ ಕೆಟ್ಟವಲ್ಲ. ಕ್ಯಾನ್ಸರ್ ನೋವಿನಲ್ಲಿ ನರಳುವವರಿಗೆ, ದೊಡ್ಡ ಶಸ್ತ್ರಚಿಕಿತ್ಸೆ ಆದವರಿಗೆ ಮಾರ್ಫಿನ್ ಇಂದಿಗೂ ವರವೇ. ಚಟದ ಭಯದಿಂದ ಅವರಿಗೆ ಮದ್ದು ತಪ್ಪಿಸುವುದು ಇನ್ನೊಂದು ಬಗೆಯ ಕ್ರೌರ್ಯ.

ನಿಮಗೋ ನಿಮ್ಮ ಮನೆಯವರಿಗೋ ವೈದ್ಯರು ಇಂಥ ಮಾತ್ರೆ ಬರೆದಿದ್ದರೆ ಇಷ್ಟು ನೆನಪಿಡಿ:

* ಎಷ್ಟು ದಿನ, ಎಷ್ಟು ಪ್ರಮಾಣ ಎಂದು ಮೊದಲೇ ಕೇಳಿ ತಿಳಿಯಿರಿ. ಹಳೆ ಚೀಟಿ ತೋರಿಸಿ ಮತ್ತೆ ಮತ್ತೆ ತರಬೇಡಿ.
* ಮದ್ಯ, ನಿದ್ದೆ ಮಾತ್ರೆ ಜೊತೆ ಸೇರಿಸಬೇಡಿ. ನಿಮ್ಮ ಮಾತ್ರೆಯನ್ನು ಬೇರೆಯವರ ನೋವಿಗೆ ಕೊಡಬೇಡಿ.
* ಬಹಳ ದಿನ ತೆಗೆದುಕೊಂಡಿದ್ದರೆ ಹಠಾತ್ತನೆ ನಿಲ್ಲಿಸಬೇಡಿ. ವೈದ್ಯರ ಸಲಹೆಯಂತೆ ಹಂತ ಹಂತವಾಗಿ ಇಳಿಸಿ.
* ಕೆಲವು ಕಾಲ ಬಿಟ್ಟವರು ಮತ್ತೆ ಹಳೆಯ ಪ್ರಮಾಣಕ್ಕೆ ಕೈ ಹಾಕುವುದು ಪ್ರಾಣಕ್ಕೇ ಅಪಾಯ. ಅಷ್ಟರಲ್ಲಿ ದೇಹದ ಸಹಿಸುವ ಶಕ್ತಿ ಕುಗ್ಗಿರುತ್ತದೆ.

ಬೆಂಗಳೂರಿನ ನಿಮ್ಹಾನ್ಸ್ ಮತ್ತು ದೆಹಲಿಯ ಏಮ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರಗಳಿವೆ. ಕೇಂದ್ರ ಸರ್ಕಾರದ ಉಚಿತ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್ ಸೇರಿ ದೇಶದ ಎಲ್ಲಿಂದ ಬೇಕಾದರೂ ಕರೆ ಮಾಡಬಹುದು.

ಪೆಂಬರ್ಟನ್ ದಡ್ಡರಾಗಿರಲಿಲ್ಲ, ಸೋಮಾರಿಯೂ ಆಗಿರಲಿಲ್ಲ. ಔಷಧಗಳ ಬಗ್ಗೆ ಊರಿಗೇ ತಿಳಿದವರಾಗಿದ್ದರು. ಆದರೂ ಒಬ್ಬರೇ ಹೋರಾಡಿ ಸೋತರು, ಏಕೆಂದರೆ ಇಂದಿನಂಥ ಚಿಕಿತ್ಸೆ ಸಿಗುವ, ಅವರು ಹೋಗಿ ಬಾಗಿಲು ತಟ್ಟಬಹುದಾದ ಜಾಗ ಆ ಕಾಲದಲ್ಲಿ ಇರಲಿಲ್ಲ. ಇಂದು ಅಂಥ ಬಾಗಿಲುಗಳಿವೆ. ನಾಚಿಕೆಯಿಂದ ಮುಚ್ಚಿಟ್ಟುಕೊಂಡು ಕೂರುವ ಬದಲು ಅದನ್ನು ತಟ್ಟುವುದು ಒಳ್ಳೆಯದು.